ಎಣಿಕೆ, ಭೂಪಟ ಕಲಿಸುವ ಕಂಪ್ಯೂಟರ್ ಆಟಗಳು: ಮಲೆನಾಡಿನ ಮಕ್ಕಳಿಗೆ ಯಾವುದು ಹಿಡಿಸಿತು?

ತುಂಗೆ ದಡದ ಟೀಚರ್

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲೂಕಿನ ಒಂದು ಸಣ್ಣ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಒಂದರಿಂದ ಐದನೇ ಕ್ಲಾಸಿನ ತನಕ ಸೇರಿ 14 ಮಕ್ಕಳು. ಹೋದ ವರ್ಷ ಊರಿನ ಹಳೆ ವಿದ್ಯಾರ್ಥಿಗಳು ಎರಡು ಲ್ಯಾಪ್‌ಟಾಪ್ ಕೊಟ್ಟರು. ಬಳಸಿದವೇ, ಆದರೆ ಚೆನ್ನಾಗಿವೆ. ನೆಟ್‌ವರ್ಕ್ ಬೇಕೆಂದರೆ ಶಾಲೆ ಹಿಂದಿನ ಧರೆ ಹತ್ತಬೇಕು. ಹಾಗಾಗಿ ಇಂಟರ್‌ನೆಟ್ ಇಲ್ಲದೆ ನಡೆಯುವ ಆಟಗಳನ್ನೇ ಹುಡುಕಿದೆ.

ಮೊದಲು ಹಾಕಿದ್ದು ಜಿಕಾಂಪ್ರಿ. 2000ದಲ್ಲಿ ಫ್ರಾನ್ಸಿನ ಬ್ರೂನೋ ಕೂದ್ವಾಂ ಶುರು ಮಾಡಿದ್ದು. ಪೂರ್ತಿ ಉಚಿತ. ಎರಡರಿಂದ ಹತ್ತು ವರ್ಷದ ಮಕ್ಕಳಿಗೆ ನೂರಕ್ಕೂ ಜಾಸ್ತಿ ಆಟಗಳಿವೆ. ಫ್ರೆಂಚಿನಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳಿದರೆ 'ನನಗೆ ಅರ್ಥವಾಯಿತು' ಎಂದು ಕೇಳಿಸುತ್ತದಂತೆ. ಜೊತೆಗೆ ಪರಿಚಯದವರೊಬ್ಬರ ಫೋನಿನಲ್ಲಿದ್ದ ಒಂದು ಎಣಿಕೆ ಆಟವನ್ನೂ ಆಡಿಸಿದೆ.

ಈಗ ನನ್ನ ಚಿಂತೆ ಹೇಳುತ್ತೇನೆ. ಒಂದನೇ ಕ್ಲಾಸಿನ ಒಬ್ಬಳು ಹುಡುಗಿ ಆ ಫೋನಿನ ಆಟದಲ್ಲಿ ಇಪ್ಪತ್ತರ ತನಕ ಎಲ್ಲ ಹಂತ ಮುಗಿಸಿದಳು. ತುಂಬಾ ಖುಷಿಯಾಯಿತು. ಮಾರನೇ ದಿನ ಜಗಲಿಯ ಬುಟ್ಟಿಯಿಂದ ಏಳು ಗೋಟಡಿಕೆ ತಾ ಅಂದೆ. ಬೊಗಸೆ ತುಂಬ ತಂದಳು. "ಎಷ್ಟಿದೆ ಪುಟ್ಟಿ?" ಅಂದೆ. ಒಂದು, ಎರಡು ಎಂದು ಬೆರಳಿಟ್ಟು ಹನ್ನೊಂದರ ತನಕ ಸರಿಯಾಗಿ ಎಣಿಸಿದಳು. "ಹಾಗಾದ್ರೆ ಎಷ್ಟಾಯ್ತು?" ಅಂದರೆ ಮತ್ತೆ ಒಂದರಿಂದ ಶುರು ಮಾಡಿದಳು! ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಒಟ್ಟು ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ.

ಹಾಗಾದರೆ ಆಟದಲ್ಲಿ ಹೇಗೆ ಗೆದ್ದಳು? ಪಕ್ಕದಲ್ಲಿ ಕೂತು ನೋಡಿದೆ. ಪರದೆಯ ಕೆಳಗೆ ನಾಲ್ಕು ಉತ್ತರಗಳಿರುತ್ತವೆ. ಅವಳು ಎಡದಿಂದ ಬಲಕ್ಕೆ ಒಂದೊಂದಾಗಿ ಒತ್ತುತ್ತಾಳೆ. ತಪ್ಪಾದರೆ ಏನೂ ಆಗುವುದಿಲ್ಲ. ಸರಿಯಾದಾಗ 'ಟಿಂಗ್' ಅಂತ ಸದ್ದು ಬಂದು ನಕ್ಷತ್ರ ಬೀಳುತ್ತದೆ. ಅವಳು ಕಲಿತದ್ದು ಆ ಟಿಂಗ್ ಬರುವ ತನಕ ಒತ್ತುವುದನ್ನು. ಮಗು ಜಾಣೆ, ಅದರಲ್ಲಿ ಅನುಮಾನವಿಲ್ಲ. ಆಟವೇ ಅವಳನ್ನು ಎಣಿಸುವ ಗೋಜಿಗೆ ಹಚ್ಚಲಿಲ್ಲ.

ನಿಮ್ಮ ಮನೆಯಲ್ಲಿ, ಶಾಲೆಯಲ್ಲಿ ಏನು ಕಂಡಿರಿ? ಯಾವ ಆಟ ನಿಜವಾಗಿ ಕಲಿಸಿತು?

ಸಾಗರದ ಅಪ್ಪ

ಟೀಚರ್, ನೀವು ಬರೆದದ್ದು ಓದಿ ನಮ್ಮ ಮನೆ ಕಥೆಯೇ ಅನ್ನಿಸಿತು. ಮಗಳಿಗೆ ಐದೂವರೆ. ಒಂದು ಕಂಪನಿಯ ಆಪ್‌ಗೆ ವರ್ಷದ ದುಡ್ಡು ಕಟ್ಟಿದ್ದೆ. ಮೂರು ತಿಂಗಳಲ್ಲಿ ಅವಳಿಗೆ ಸಾಕಾಯಿತು. ನಿಲ್ಲಿಸಲು ಹೋದರೆ ದುಡ್ಡು ವಾಪಸ್ ಬರಲಿಲ್ಲ. ಅದಿರಲಿ.

ಅದರಲ್ಲಿ ಭಾರತದ ಭೂಪಟ ಜೋಡಿಸುವ ಆಟ ಇತ್ತು. ಮಗಳು ಮೂರೇ ನಿಮಿಷದಲ್ಲಿ ಎಲ್ಲ ರಾಜ್ಯಗಳನ್ನೂ ಕೂರಿಸುತ್ತಿದ್ದಳು. ಬಂದ ನೆಂಟರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಒಂದು ದಿನ "ಇದರಲ್ಲಿ ನಮ್ಮ ಸಾಗರ ಎಲ್ಲಿ ಬರುತ್ತೆ?" ಅಂತ ಕೇಳಿದೆ. ಅವಳು ಭೂಪಟ ನೋಡಿ "ಇದರಲ್ಲಿ ನಾವಿಲ್ಲಪ್ಪ, ಇದು ಆಟ" ಅಂದಳು. ಅವಳಿಗೆ ಕರ್ನಾಟಕ ಅಂದರೆ ಒಂದು ಹಸಿರು ತುಂಡು. ಕೆಳಗೆ ಎಡಕ್ಕೆ ಕೂರುವ ತುಂಡು, ಅಷ್ಟೇ. ನಾವು ಅದರೊಳಗೆ ಊಟ ಮಾಡಿ ಮಲಗುತ್ತೇವೆ ಎಂಬುದು ಅವಳ ತಲೆಗೆ ಬಂದೇ ಇರಲಿಲ್ಲ.

ಶಿಕಾರಿಪುರದ ನಿವೃತ್ತ ಮೇಷ್ಟ್ರು

ಭೂಪಟ ತುಂಡು ಮಾಡಿ ಜೋಡಿಸುವುದು ಕಂಪ್ಯೂಟರಿನಿಂದ ಬಂದದ್ದಲ್ಲ. 1760ರ ದಶಕದಲ್ಲಿ ಲಂಡನ್ನಿನ ಭೂಪಟಗಾರ ಜಾನ್ ಸ್ಪಿಲ್ಸ್‌ಬರಿ ಮರದ ಹಲಗೆಗೆ ಭೂಪಟ ಅಂಟಿಸಿ, ದೇಶಗಳ ಗಡಿಯಲ್ಲೇ ಕೊಯ್ದು ಮಕ್ಕಳಿಗೆ ಭೂಗೋಳ ಕಲಿಸಲು ಮಾರಿದ. ಈಗಿನ ಜಿಗ್‌ಸಾ ಆಟಗಳ ಅಜ್ಜ ಅದೇ. ಕೈಯಲ್ಲಿ ಹಿಡಿದರೆ ತುಂಡಿನ ಅಂಚು, ತೂಕ ಗೊತ್ತಾಗುತ್ತದೆ. ಪರದೆಯಲ್ಲಿ ಸರಿ ಜಾಗದ ಹತ್ತಿರ ಹೋದರೆ ಸಾಕು, ತಾನೇ ಹೋಗಿ ಕೂರುತ್ತದೆ. ಮಗು ಯೋಚಿಸುವ ಮೊದಲೇ ಕೆಲಸ ಮುಗಿದಿರುತ್ತದೆ.

ಎಣಿಕೆಗೆ ನನ್ನ ಕೇಳಿದರೆ ಚೆನ್ನೆಮಣೆ ಸಾಕು. ಏಳು ಏಳರ ಎರಡು ಸಾಲು, 14 ಗುಳಿ. ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಳು. ಒಂದು ಗುಳಿಯ ಕಾಳು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಬಿಡುತ್ತಾ ಹೋಗಬೇಕು. ಒಂದು ಗುಳಿಗೆ ಒಂದೇ ಕಾಳು. ಬಾಯಿ ಒಂದು ಹೇಳಿ ಕೈ ಎರಡು ಬಿಟ್ಟರೆ ಎದುರು ಕೂತವನು ಬಿಡುತ್ತಾನಾ? ಅಲ್ಲೇ ಕೈ ಹಿಡಿಯುತ್ತಾನೆ. ಆಡುತ್ತಾ ಆಡುತ್ತಾ ಗುಳಿ ನೋಡಿದ ಕೂಡಲೇ ಮೂರಿದೆ, ನಾಲ್ಕಿದೆ ಅಂತ ಎಣಿಸದೇ ಹೇಳುವಷ್ಟು ಕಣ್ಣು ಪಳಗುತ್ತದೆ. ನಮ್ಮ ಮನೆಯ ಹಲಸಿನ ಮರದ ಮಣೆ ನನ್ನ ಅಜ್ಜಿ ಆಡಿದ್ದು. ಈಗ ಮೊಮ್ಮಕ್ಕಳು ಆಡುತ್ತಾರೆ.

ಚಿಕ್ಕ ಮಕ್ಕಳ ಕೈಗೆ ಯಂತ್ರ ಕೊಡುವ ಅವಸರ ಏನಿದೆ ಎಂದು ನಾನು ಕೇಳುತ್ತೇನೆ.

ಕೋಡ್ ಬರೆಯುವ ಮಲೆನಾಡಿಗ

ಮೇಷ್ಟ್ರೇ, ನಿಮ್ಮ ಮಾತಿಗೆ ಬಲ ಕೊಡುವ ಒಂದು ಅಧ್ಯಯನ ಇದೆ. ಅಮೆರಿಕದಲ್ಲಿ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಎಂಬ ಇಬ್ಬರು ಸಂಶೋಧಕರು ಬಡ ಕುಟುಂಬಗಳ ಅಂಗನವಾಡಿ ವಯಸ್ಸಿನ ಮಕ್ಕಳಿಗೆ ಒಂದು ಸರಳ ಆಟ ಆಡಿಸಿದರು. ಒಂದೇ ಸಾಲು, 1ರಿಂದ 10ರ ತನಕ ಮನೆಗಳು. ತಿರುಗಣಿ ತಿರುಗಿಸಿ ಒಂದೋ ಎರಡೋ ಮನೆ ನಡೆಸಬೇಕು. ಎರಡು ವಾರದಲ್ಲಿ ನಾಲ್ಕು ಸಲ, ಸಲಕ್ಕೆ ಹದಿನೈದು ನಿಮಿಷ. ಅಷ್ಟಕ್ಕೇ ಮಕ್ಕಳ ಸಂಖ್ಯೆಯ ಅಂದಾಜು ಚೆನ್ನಾಗಿ ಸುಧಾರಿಸಿತು. ಮನೆಗಳಲ್ಲಿ ಅಂಕೆಯ ಬದಲು ಬಣ್ಣ ಮಾತ್ರ ಇದ್ದ ಆಟ ಆಡಿದವರಿಗೆ ಆ ಲಾಭ ಆಗಲಿಲ್ಲ. ಇದು 2008ರ ಮಾತು. ಮುಂದೆ ಅದೇ ಮನೆಗಳನ್ನು ದುಂಡಗೆ ಜೋಡಿಸಿ ನೋಡಿದರು. ಸಾಲಿನಲ್ಲಿ ಆಡಿದಷ್ಟು ಉಪಯೋಗ ಅದರಿಂದ ಸಿಗಲಿಲ್ಲ.

ಅದರಲ್ಲಿ ಒಂದು ಮುಖ್ಯ ನಿಯಮ ಇತ್ತು. ಕಾಯಿ 4ರಲ್ಲಿದ್ದು ಎರಡು ಬಿದ್ದರೆ ಮಗು "ಒಂದು, ಎರಡು" ಅನ್ನುವಂತಿಲ್ಲ. "ಐದು, ಆರು" ಅನ್ನಬೇಕು. ನಿಂತ ಮನೆಯಿಂದಲೇ ಮುಂದೆ ಎಣಿಸಬೇಕು. ನಾವು ಹಾವು ಏಣಿ ಆಡುವಾಗ ಸುಮ್ನೆ ಟಕಟಕ ಅಂತ ಕಾಯಿ ಕುಟ್ಟುತ್ತಾ ಹೋಗುತ್ತೇವೆ ಅಲ್ವಾ? ಅಲ್ಲೇ ಬಾಯಿಬಿಟ್ಟು ಮನೆಯ ಅಂಕೆ ಹೇಳಿಸಿದರೆ ಸಾಕು.

ಟೀಚರ್, ಜಿಕಾಂಪ್ರಿಯಲ್ಲಿ ದಾಳ ಬೀಳುವ ಆಟ ಇದೆಯಲ್ಲ, ಅದನ್ನು ಆಡಿಸಿ ನೋಡಿ. ಮೇಲಿಂದ ದಾಳ ಇಳಿಯುತ್ತದೆ. ನೆಲ ಮುಟ್ಟುವ ಮೊದಲು ಚುಕ್ಕಿ ಎಷ್ಟು ಅಂತ ಕೀಲಿಮಣೆಯಲ್ಲಿ ಒತ್ತಬೇಕು. ನಾಲ್ಕು ಉತ್ತರ ಎದುರಿಗಿಟ್ಟು ಆರಿಸು ಅನ್ನುವ ಆಟ ಅಲ್ಲ ಅದು. ದೊಡ್ಡ ಮಕ್ಕಳಿಗೆ ಟಕ್ಸ್‌ಮ್ಯಾತ್ ಇದೆ. ಲೆಕ್ಕ ಹೊತ್ತ ಉಲ್ಕೆಗಳು ಬೀಳುತ್ತವೆ, ಉತ್ತರ ಒತ್ತಿ ಒಡೆಯಬೇಕು. ಅದೂ ಉಚಿತ. ಆದರೆ ಗೊತ್ತಿರುವ ಮಗ್ಗಿ ಚುರುಕಾಗಲು ಅದು ಸರಿ. ಗೊತ್ತಿಲ್ಲದ್ದನ್ನು ಅದು ಕಲಿಸುವುದಿಲ್ಲ.

ವಿನೋಬನಗರದ ತಾಯಿ

ಎಲ್ಲ ಸರಿ. ಆದರೆ ನಾವು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದೇವೆ. ಮಗ ಮನೆಯಲ್ಲಿ ಕನ್ನಡದಲ್ಲಿ ಎಣಿಸಿ ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಎಣಿಸಿದರೆ ಗೊಂದಲ ಆಗುವುದಿಲ್ಲವೇ? ಆಟಗಳೆಲ್ಲ ಇಂಗ್ಲಿಷಿನಲ್ಲೇ ಇರುವುದರಿಂದ ಅದೇ ಇರಲಿ ಅಂತ ಬಿಟ್ಟಿದ್ದೇನೆ. ಇನ್ನೊಂದು, ಎಷ್ಟು ಹೊತ್ತು ಆಡಿಸುತ್ತೀರಿ? ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ ಎಂದು 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ತುಂಗೆ ದಡದ ಟೀಚರ್

ನಮ್ಮಲ್ಲಿ ಒಂದು ಮಗುವಿಗೆ ವಾರಕ್ಕೆ ಮೂರು ದಿನ, ದಿನಕ್ಕೆ ಇಪ್ಪತ್ತು ನಿಮಿಷ. ಅದೂ ಇಬ್ಬರಿಗೆ ಒಂದು ಲ್ಯಾಪ್‌ಟಾಪ್. ಒಬ್ಬ ಒತ್ತುವುದು, ಇನ್ನೊಬ್ಬ ಬಾಯಲ್ಲಿ ಹೇಳುವುದು.

ಭಾಷೆಯ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ ತಾಯಿ, ಬೇಸರಿಸಬೇಡಿ. ಕನ್ನಡದ ಎಣಿಕೆ ಮಗುವಿಗೆ ದೊಡ್ಡ ಉಪಕಾರ ಮಾಡುತ್ತದೆ. ಇಪ್ಪತ್ತೊಂದು ಅಂದರೆ ಇಪ್ಪತ್ತು ಮತ್ತು ಒಂದು. ಹೆಸರಲ್ಲೇ ಲೆಕ್ಕ ಇದೆ. ಅರವತ್ತು, ಎಪ್ಪತ್ತು, ಎಂಬತ್ತು ಅನ್ನುವಾಗ ಆರು, ಏಳು, ಎಂಟು ಕಿವಿಗೇ ಬೀಳುತ್ತವೆ. ಹಿಂದಿಯಲ್ಲಿ ಇಪ್ಪತ್ತೊಂಬತ್ತಕ್ಕೆ 'ಉನ್‌ತೀಸ್' ಅನ್ನುತ್ತಾರೆ. ನೂರರ ತನಕ ಹೆಚ್ಚುಕಡಿಮೆ ಒಂದೊಂದನ್ನೂ ಬೇರೆಯಾಗಿಯೇ ಬಾಯಿಪಾಠ ಮಾಡಬೇಕು. ಇಂಗ್ಲಿಷಿನ 'ಇಲೆವೆನ್', 'ಟ್ವೆಲ್ವ್' ಕೇಳಿದರೆ ಅದರೊಳಗೆ ಹತ್ತು ಇದೆ ಎಂದು ಯಾವ ಮಗುವಿಗೆ ಗೊತ್ತಾಗಬೇಕು? ನಮ್ಮ ಹನ್ನೊಂದು, ಹನ್ನೆರಡು, ಹದಿಮೂರರಲ್ಲೂ ಹತ್ತು ಸ್ವಲ್ಪ ಮರೆಯಲ್ಲೇ ನಿಂತಿದೆ, ಒಪ್ಪುತ್ತೇನೆ. ಆದರೆ ಇಪ್ಪತ್ತು ದಾಟಿದರೆ ದಾರಿ ನೇರ.

ಒಂದು ಭಾಷೆಯಲ್ಲಿ ಎಣಿಕೆ ಅರ್ಥವಾದರೆ ಇನ್ನೊಂದರಲ್ಲಿ ಬೇಕಾಗುವುದು ಹೆಸರು ಮಾತ್ರ. ಅದಕ್ಕೇ ನಾನು ಆಟದ ಧ್ವನಿ ಪೂರ್ತಿ ನಿಲ್ಲಿಸಿದ್ದೇನೆ. ಪರದೆಯಲ್ಲಿ ಚಿತ್ರ ಇರುತ್ತದೆ, ಎಣಿಕೆ ನಮ್ಮ ಬಾಯಲ್ಲೇ ಆಗುತ್ತದೆ. ಪಕ್ಕದಲ್ಲಿ ಅಡಿಕೆಯ ಬುಟ್ಟಿ. ಪರದೆಯಲ್ಲಿ ಎಷ್ಟು ಸೇಬು ಕಂಡವೋ ಅಷ್ಟು ಅಡಿಕೆ ಮೊದಲು ನೆಲದ ಮೇಲೆ ಇಡಬೇಕು. ಆಮೇಲೆ "ಒಟ್ಟು ಎಷ್ಟು?" ಅಂತ ಜೊತೆಗಾರ ಕೇಳಬೇಕು. ಅಡಿಕೆ ಇಟ್ಟ ಮಗು ಹೇಳಬೇಕು. ಹೇಳಿದ ಮೇಲೇ ಕೀಲಿ. ಆಟ ನಿಧಾನವಾಯಿತು ಅಂತ ಮಕ್ಕಳು ಗೊಣಗುತ್ತಾರೆ, ಗೊಣಗಲಿ. ಎರಡು ವಾರ ಹೀಗೇ ಮಾಡಿದ ಮೇಲೆ ನಮ್ಮ ಪುಟ್ಟಿ ಏಳು ಅಂದರೆ ಏಳೇ ತರುತ್ತಾಳೆ.

ಇನ್ನು ಭೂಪಟದ ವಿಷಯ. ಇದನ್ನು ಬರೆಯಲೇಬೇಕು ಅಂತ ಹೋದ ವಾರದಿಂದ ಕಾಯುತ್ತಿದ್ದೇನೆ.

ಮಾರ್ಬಲ್ ಅಂತ ಒಂದು ಸಾಫ್ಟ್‌ವೇರ್ ಇದೆ, ತಿರುಗಿಸಬಹುದಾದ ಭೂಗೋಳ. ಅದರಲ್ಲಿ ನಮ್ಮ ಕಡೆಯನ್ನು ದೊಡ್ಡದು ಮಾಡಿ ತುಂಗೆಯನ್ನು ತೋರಿಸಿದೆ. ಶೃಂಗೇರಿಯಿಂದ ಬೆರಳಿಟ್ಟು ತೀರ್ಥಹಳ್ಳಿ, ಗಾಜನೂರು, ಶಿವಮೊಗ್ಗ ಎಂದು ಎಳೆದೆ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಎದ್ದು ನಿಂತ. "ಟೀಚರ್, ಇದು ತಪ್ಪು. ನೀರು ಮೇಲಕ್ಕೆ ಹೋಗುತ್ತಾ?" ಅಂದ.

ಒಂದು ಕ್ಷಣ ನನಗೇ ಅರ್ಥವಾಗಲಿಲ್ಲ. ಆಮೇಲೆ ನೋಡಿದೆ. ಪರದೆಯಲ್ಲಿ ಶೃಂಗೇರಿ ಕೆಳಗಿದೆ, ತೀರ್ಥಹಳ್ಳಿ ಮೇಲಿದೆ. ತುಂಗೆ ಉತ್ತರಕ್ಕೆ ಹರಿಯುತ್ತಾಳೆ. ನಿಂತ ಪರದೆಯಲ್ಲಿ ಅದು ಮೇಲಕ್ಕೆ ಏರಿದಂತೆಯೇ ಕಾಣುತ್ತದೆ! ದಿನಾ ಹೊಳೆ ದಾಟಿ ಶಾಲೆಗೆ ಬರುವ ಹುಡುಗ ಅವನು. ನೀರು ಇಳಿಜಾರಿಗೆ ಹೋಗುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾವು ಭೂಪಟದಲ್ಲಿ ಉತ್ತರವನ್ನು 'ಮೇಲೆ', ದಕ್ಷಿಣವನ್ನು 'ಕೆಳಗೆ' ಅನ್ನುತ್ತೇವಲ್ಲ, ಅಲ್ಲಿದೆ ತೊಡಕು.

ಲ್ಯಾಪ್‌ಟಾಪನ್ನು ಜಗಲಿಯ ನೆಲದ ಮೇಲಿಟ್ಟು, ಪರದೆಯನ್ನು ಆದಷ್ಟು ಹಿಂದಕ್ಕೆ ಮಡಿಸಿದೆ. ಫೋನಿನ ದಿಕ್ಸೂಚಿ ನೋಡಿ ಪರದೆಯ ಉತ್ತರವನ್ನು ನಿಜವಾದ ಉತ್ತರಕ್ಕೆ ತಿರುಗಿಸಿದೆವು. ಮಕ್ಕಳು ಸುತ್ತ ನಿಂತರು. ಈಗ ಪರದೆಯ ತುಂಗೆಯೂ ಹೊರಗಿನ ತುಂಗೆಯೂ ಒಂದೇ ಕಡೆ ಹೋಗುತ್ತಿದ್ದವು. ಆ ಹುಡುಗ ಬಗ್ಗಿ ನೋಡಿ, ಹೊಳೆ ಕಡೆ ನೋಡಿ, ಮತ್ತೆ ಪರದೆ ನೋಡಿ "ಈಗ ಸರಿ" ಅಂದ. ಅವತ್ತಿನಿಂದ ನಮ್ಮ ಶಾಲೆಯಲ್ಲಿ ಯಾವ ಭೂಪಟವೂ ಗೋಡೆಗೆ ಹೋಗುವ ಮೊದಲು ನೆಲಕ್ಕೆ ಬರುತ್ತದೆ.

ಶಿಕಾರಿಪುರದ ನಿವೃತ್ತ ಮೇಷ್ಟ್ರು

ಮೂವತ್ತು ವರ್ಷ ಗೋಡೆಗೆ ಭೂಪಟ ನೇತುಹಾಕಿಯೇ ಪಾಠ ಮಾಡಿದೆ. ಒಂದು ಮಗುವೂ ಈ ಪ್ರಶ್ನೆ ಕೇಳಲಿಲ್ಲ. ಕೇಳುವಷ್ಟು ಸಲಿಗೆ ನಾನು ಕೊಟ್ಟಿರಲಿಲ್ಲವೇನೋ. ಆ ಹುಡುಗನಿಗೆ ನನ್ನ ಆಶೀರ್ವಾದ ತಿಳಿಸಿ.

ಹೀಗೆ ಬಳಸುವುದಾದರೆ ಯಂತ್ರ ಬೇಡ ಎಂಬ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಕೋಡ್ ಬರೆಯುವ ಮಲೆನಾಡಿಗ

ಟೀಚರ್, ಇದನ್ನೇ ಒಂದು ಆಟ ಮಾಡೋಣ. ಮಳೆಹನಿಯ ಆಟ. ಶಿವಮೊಗ್ಗ ಜಿಲ್ಲೆಯ ಭೂಪಟದಲ್ಲಿ ಮಗು ಎಲ್ಲಿ ಬೇಕಾದರೂ ಒಂದು ಹನಿ ಬೀಳಿಸಬಹುದು. ಅದು ಯಾವ ಸಮುದ್ರ ಸೇರುತ್ತದೆ ಅಂತ ಮೊದಲೇ ಹೇಳಬೇಕು. ಆಮೇಲೆ ಹನಿ ಹರಿಯುತ್ತದೆ.

ನಮ್ಮ ಜಿಲ್ಲೆಯಂಥ ಜಾಗ ಈ ಆಟಕ್ಕೆ ಇನ್ನೆಲ್ಲಿ ಸಿಗಬೇಕು? ನಿಮ್ಮ ತೀರ್ಥಹಳ್ಳಿ ತಾಲೂಕನ್ನೇ ನೋಡಿ. ಅಂಬುತೀರ್ಥದಲ್ಲಿ ಬಿದ್ದ ಹನಿ ಶರಾವತಿಯಾಗಿ, ಲಿಂಗನಮಕ್ಕಿಯಲ್ಲಿ ನಿಂತು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಅದೇ ತಾಲೂಕಿನಲ್ಲಿ ತುಂಗೆಗೆ ಬಿದ್ದ ಹನಿ ಕೂಡಲಿಯಲ್ಲಿ ಭದ್ರೆಯ ಜೊತೆ ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯ ಕೈ ಹಿಡಿದು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಸಾಗರದಲ್ಲೂ ಹಾಗೇ. ಇಕ್ಕೇರಿ ಹತ್ತಿರದ ವರದಾಮೂಲದ ನೀರು ಪೂರ್ವಕ್ಕೆ, ಜೋಗದ ನೀರು ಪಶ್ಚಿಮಕ್ಕೆ. ಒಂದೇ ಮಳೆ, ಎರಡು ಸಮುದ್ರ.

ಸ್ಕ್ರ್ಯಾಚ್‌ನಲ್ಲಿ ಮಾಡುತ್ತೇನೆ. ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯುವ ಸಾಧನ ಅದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಬಿಟ್ಟದ್ದು. ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ದೊಡ್ಡ ಮಕ್ಕಳು ತಾವೇ ಬಿಚ್ಚಿ ಬದಲಾಯಿಸಬಹುದು.

ಸಾಗರದ ಅಪ್ಪ

ಎಣಿಕೆಗೆ ಒಂದು ಸಲಹೆ. ಆ ಸಾಲಿನ ಮನೆಗಳ ಆಟಕ್ಕೆ ನಮ್ಮ ರೈಲು ಹಾಕಿ. ಶಿವಮೊಗ್ಗ, ಕುಂಸಿ, ಅರಸಾಳು, ಆನಂದಪುರ, ಸಾಗರ, ತಾಳಗುಪ್ಪ. ತಾಳಗುಪ್ಪದ ಆಚೆ ಹಳಿಯೇ ಇಲ್ಲ, ಆಟವೂ ಅಲ್ಲೇ ಮುಗಿಯಲಿ. ನಡುವೆ ಸಣ್ಣ ನಿಲ್ದಾಣಗಳೂ ಇವೆ, ಅವನ್ನು ಸೇರಿಸಿದರೆ ಹತ್ತು ಮನೆ ಆಗುತ್ತದೆ. ಹೋಗುವಾಗ ಕೂಡುವುದು, ಬರುವಾಗ ಕಳೆಯುವುದು. ಮಗಳು ಅಜ್ಜಿ ಮನೆಗೆ ಈ ರೈಲಿನಲ್ಲೇ ಹೋಗುವುದು, ನಿಲ್ದಾಣಗಳ ಹೆಸರು ಅವಳಿಗೆ ಬಾಯಿಗೆ ಬರುತ್ತದೆ.

ಇನ್ನೊಂದು ಮಾತು. ಭೂಪಟ ಹಳೆಯದು ಹಾಕಬೇಡಿ. ನಮ್ಮ ಆಪ್‌ನಲ್ಲಿ ಕರ್ನಾಟಕಕ್ಕೆ ಇನ್ನೂ 30 ಜಿಲ್ಲೆ. ವಿಜಯನಗರ ಸೇರಿ 31 ಆಗಿದ್ದು 2021ರಲ್ಲೇ. ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯನ್ನೂ ಹಾಕಿ. 2025ರ ಜುಲೈನಲ್ಲಿ ತೆರೆದರು. ತುಮರಿ ಕಡೆಯ ಮಕ್ಕಳು ಹಿನ್ನೀರಿನ ಮೇಲೆ ಅದನ್ನು ಕಾಣದಿದ್ದರೆ ಇದು ನಮ್ಮ ಊರೇ ಅಲ್ಲ ಅನ್ನುತ್ತಾರೆ. ಲಾಂಚ್ ಕೂಡ ಇರಲಿ, ಅದರಲ್ಲಿ ಓಡಾಡಿದ ನೆನಪು ಎಲ್ಲರಿಗೂ ಇದೆ.

ವಿನೋಬನಗರದ ತಾಯಿ

ಟೀಚರ್, ನಿಮ್ಮ ಮಾತು ಪ್ರಯತ್ನಿಸಿದೆ. ಧ್ವನಿ ನಿಲ್ಲಿಸಿ, ಹುಣಸೆ ಬೀಜ ಇಟ್ಟುಕೊಂಡು ಕೂತೆವು. ಮಗ ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದ. ಗೊಂದಲ ಆಗಲಿಲ್ಲ. ಮೂವತ್ತೈದು ಅಂದಾಗ "ಅಮ್ಮಾ, ಇದರಲ್ಲಿ ಮೂರೂ ಇದೆ ಐದೂ ಇದೆ" ಅಂದ. ನಾನೇ ಯಾವತ್ತೂ ಗಮನಿಸಿರಲಿಲ್ಲ.

ಇಷ್ಟು ದಿನ ನಾನು ಫೋನ್ ಕೊಟ್ಟು ಅಡುಗೆಗೆ ಹೋಗುತ್ತಿದ್ದೆ. ಪಕ್ಕದಲ್ಲಿ ಕೂರುವುದಕ್ಕೂ ಕೂರದಿರುವುದಕ್ಕೂ ಇಷ್ಟು ವ್ಯತ್ಯಾಸ ಇದೆ ಎಂದುಕೊಂಡಿರಲಿಲ್ಲ.

ಕೋಡ್ ಬರೆಯುವ ಮಲೆನಾಡಿಗ

ಮೊದಲ ರೂಪ ಸಿದ್ಧ. ರೈಲಿನ ಆಟಕ್ಕೆ ಕನ್ನಡ ಧ್ವನಿ ಹಾಕುವಾಗ ಒಂದು ಕಡೆ ಸಿಕ್ಕಿಬಿದ್ದೆ. ಇಂಗ್ಲಿಷಿನಲ್ಲಿ 'ಟ್ವೆಂಟಿ' ಒಂದು, 'ಒನ್' ಒಂದು ಧ್ವನಿ ಮುದ್ರಿಸಿ ಕಂಪ್ಯೂಟರಿಗೆ ಜೋಡಿಸಲು ಹೇಳಿದರೆ ಆಯಿತು. ಸುಮಾರು ಮೂವತ್ತು ಧ್ವನಿಯಲ್ಲಿ ನೂರರ ತನಕ ಮುಗಿಯುತ್ತದೆ. ನಾನೂ ಹಾಗೇ ಮಾಡಿದೆ. 'ಇಪ್ಪತ್ತು ಒಂದು' ಎಂದು ಬಿಡಿಬಿಡಿಯಾಗಿ ಬಂತು. ಅಕ್ಕನ ಮಗ ಕೇಳಿ "ಇಪ್ಪತ್ತಾ, ಒಂದಾ?" ಅಂದ. ಅವನು ಕೇಳಿದ್ದು ಸರಿ. ಕನ್ನಡದಲ್ಲಿ ಎರಡೂ ಬೆಸೆದು ಇಪ್ಪತ್ತೊಂದು ಆಗುತ್ತದೆ, ನಡುವಿನ ಉಕಾರ ಬಿದ್ದುಹೋಗುತ್ತದೆ. ಜೋಡಿಸಿದರೆ ಬರುವುದಿಲ್ಲ. ಒಂದರಿಂದ ನೂರರ ತನಕ ನೂರನ್ನೂ ಬೇರೆಬೇರೆಯಾಗಿ ಮುದ್ರಿಸಬೇಕು.

ಬೇರೆ ಭಾಷೆಯ ಆಟಕ್ಕೆ ಸುಮ್ನೆ ಕನ್ನಡ ಪದ ಅಂಟಿಸಿದರೆ ಯಾಕೆ ಕಿವಿಗೆ ಒಗ್ಗುವುದಿಲ್ಲ ಎಂದು ಈಗ ಗೊತ್ತಾಯಿತು. ಟೀಚರ್, ನಿಮ್ಮ ಮಕ್ಕಳೇ ಧ್ವನಿ ಕೊಡುತ್ತಾರಾ?

ತುಂಗೆ ದಡದ ಟೀಚರ್

ಕೊಟ್ಟಾಯಿತು! 14 ಮಕ್ಕಳು, ತಲೆಗೆ ಏಳು ಸಂಖ್ಯೆ. ಒಟ್ಟು 98. ಉಳಿದ 99 ಮತ್ತು 100 ಯಾರಿಗೆ ಎಂದು ಜಗಳ ಆಗಿ, ಕೊನೆಗೆ ಎಲ್ಲರೂ ಸೇರಿ ಹೇಳಿದರು. ಹದಿನಾಲ್ಕು ಏಳಲ ಎಷ್ಟು, ಎಷ್ಟು ಉಳಿಯಿತು ಎಂದು ಐದನೇ ಕ್ಲಾಸಿನವರೇ ಲೆಕ್ಕ ಹಾಕಿದ್ದು. ಹೊರಗೆ ಜೋರು ಮಳೆ. ಹೆಂಚಿನ ಮೇಲಿನ ಸದ್ದು ಧ್ವನಿಯಲ್ಲಿ ಸೇರಿಕೊಂಡಿದೆ. ಕಂಬಳಿ ಹೊದ್ದು ಒಳಗೆ ಕೂತು ಕೆಲವನ್ನು ಮತ್ತೆ ಹೇಳಿಸಿದ್ದೇನೆ. ಅರವತ್ತರ ನಂತರದವು ಅಷ್ಟು ಸ್ಪಷ್ಟವಿಲ್ಲ, ನೋಡಿ ಹೇಳಿ.

ಮಳೆಹನಿಯ ಆಟವನ್ನು ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟೇ ಆಡಿದರು. ಕವಲೇದುರ್ಗ, ಆಗುಂಬೆ, ಕೊಡಚಾದ್ರಿ, ಹೀಗೆ ಗೊತ್ತಿದ್ದ ಊರಿನ ಹೆಸರೆಲ್ಲ ಹೇಳಿ ಹನಿ ಬೀಳಿಸಿದರು. ಎರಡನೇ ದಿನ ಆ ನಾಲ್ಕನೇ ಕ್ಲಾಸಿನ ಹುಡುಗ ಹೊಸ ಪ್ರಶ್ನೆ ತಂದಿದ್ದಾನೆ. "ಹನಿ ಬಿದ್ದ ಜಾಗ ಗುಡ್ಡದ ತುದಿ ಆದರೆ?" ಅವರ ತೋಟದ ಮೇಲಿನ ಗುಡ್ಡದಲ್ಲಿ ಈ ಕಡೆ ನೀರು ಒಂದು ಹಳ್ಳಕ್ಕೆ, ಆ ಕಡೆ ನೀರು ಇನ್ನೊಂದು ಹಳ್ಳಕ್ಕೆ ಹೋಗುತ್ತದಂತೆ. ಆಟದಲ್ಲಿ ಗುಡ್ಡದ ಗೆರೆ ಇಲ್ಲ, ಬಣ್ಣ ಮಾತ್ರ ಇದೆ ಅಂತ ದೂರು. ಅದನ್ನು ಸೇರಿಸಲು ಆಗುತ್ತದಾ?

ಕೋಡ್ ಬರೆಯುವ ಮಲೆನಾಡಿಗ

ಆಗುತ್ತದೆ. ಆದರೆ ಗೆರೆ ಎಲ್ಲಿ ಎಳೆಯಬೇಕು ಎಂದು ಅವನೇ ತೋರಿಸಬೇಕು. ಗೌರಿ ಹಬ್ಬಕ್ಕೆ ಊರಿಗೆ ಬರುತ್ತೇನೆ. ಒಂದು ದಿನ ಮಳೆ ಹೊಳವಾದರೆ ಅವನ ಜೊತೆ ಆ ಗುಡ್ಡ ಹತ್ತುತ್ತೇನೆ. ಉಂಬಳಕ್ಕೆ (ಜಿಗಣೆಗೆ) ಸುಣ್ಣ, ಹೊಗೆಸೊಪ್ಪು ನಾನು ತರುತ್ತೇನೆ. ಅರವತ್ತರ ನಂತರದ ಧ್ವನಿಗಳನ್ನು ಕೇಳಿದೆ. 67 ಮತ್ತು 76 ಎರಡು ಮಾತ್ರ ಮತ್ತೆ ಹೇಳಿಸಿ ಕಳಿಸಿ, ಉಳಿದವು ಮಳೆಯ ಸದ್ದಿನ ಸಮೇತ ಹಾಗೇ ಇರಲಿ.